ಗಾಳಿಯಿಂದ ವೈರಿಗೆ

ಮಾರ್ಚ್ ೪, ಬುಧವಾರ

ನೆಟ್ ಕಂಪನಿಯವರು ಬಂದು ಹಳೆಯ ಲೈನ್ ಕಿತ್ತು ಹೊಸದು ಎಳೆದರು. ಬೀದಿಯ ಎಲ್ಲ ಮನೆಗಳಿಗೂ ಹೀಗೇ ಮಾಡುತ್ತಿದ್ದಾರಂತೆ. ಹಳೆಯದು ಹಿತ್ತಲ ಕಡೆಯಿಂದ ಅತ್ತೆಯ ಕೋಣೆಗೆ ಬರುತ್ತಿತ್ತು. ಹೊಸದು ಬೀದಿ ಕಡೆಯಿಂದ ಮಾತ್ರ ಬರುತ್ತದಂತೆ. ರೌಟರನ್ನು ಮುಂದಿನ ಕೋಣೆಯ ಕಿಟಕಿಯ ಪಕ್ಕ ಗೋಡೆಗೆ ಜಡಿದು ಉಪಕರಣಗಳನ್ನು ಎತ್ತಿಕೊಂಡರು.

"ಹಿಂದಿನ ಕೋಣೆಯಲ್ಲಿ ಒಂದು ಪೆಟ್ಟಿಗೆ ಇದೆ. ಅದಕ್ಕೆ ವೈರ್ ಬೇಕು" ಎಂದೆ.

"ಈಗೆಲ್ಲ ವೈಫೈ ಅಲ್ವಾ ಮೇಡಂ. ತಾನಾಗೇ ಹಿಡಿಯುತ್ತೆ" ಎಂದು ಒಬ್ಬ ಹೇಳಿದ. ಇನ್ನೊಬ್ಬ ಆಗಲೇ ಗಾಡಿ ಹತ್ತಿದ್ದ.

ತಾನಾಗೇ ಹಿಡಿಯಲಿಲ್ಲ. ಗಾಳಿಯಲ್ಲಿ ಬರುವುದನ್ನು ಹಿಡಿಯಲು ಆ ಪೆಟ್ಟಿಗೆಗೆ ಬರುವುದೇ ಇಲ್ಲ. ಅದರ ಮುಖದ ಮೇಲೆ ಮೂರು ದೀಪ. ಮೊದಲನೆಯದು ಕರೆಂಟ್, ಎರಡನೆಯದು ವೈರ್, ಮೂರನೆಯದು ಹೊರಗಿನ ನೆಟ್. ಮೂರನೆಯದು ಹತ್ತದಿದ್ದರೆ ಅದು ಏನೂ ಮಾಡದೆ ಕೂತಿರುತ್ತದೆ. ಈಗ ಒಂದೇ ಉರಿಯುತ್ತಿದೆ.

ಇದನ್ನು ನನ್ನ ಗಂಡ ತಮ್ಮ ತಾಯಿಗಾಗಿ ಹಾಕಿದ್ದು. ಅತ್ತೆಗೆ ನಲವತ್ತರ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ಮಾತು ಗಟ್ಟಿಯಾಗಿ ಉಳಿದಿದೆ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಗಟ್ಟಿ. ನಮ್ಮ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾರೆ. ಬೆನ್ನ ಹಿಂದೆ ಮನೆ ಏನು ಹೇಳಿದರೂ ಮಾತ್ರ ತಿಳಿಯುವುದಿಲ್ಲ. ಅದಕ್ಕೇ ಇವರು ಮನೆಗೆ ಬಣ್ಣದಲ್ಲಿ ಮಾತು ಕಲಿಸಿದ್ದರು. ಬೀದಿ ಬಾಗಿಲ ಗುಂಡಿ ಒತ್ತಿದರೆ ಅತ್ತೆಯ ಕೋಣೆಯ ಚಾವಣಿ ಬಲ್ಬು ನೀಲಿ. ಅಡುಗೆಮನೆಯಲ್ಲಿ ಹೊಗೆ ಎದ್ದರೆ ಕೆಂಪಾಗಿ ಮಿನುಗುತ್ತದೆ. ಇನ್ನೂ ಒಂದು ಬಣ್ಣ ಇತ್ತು.

ಇವರು ಹೋದ ಮೇಲೆ ನಾನು ಆ ಪೆಟ್ಟಿಗೆಯ ಧೂಳನ್ನೂ ಒರೆಸಿಲ್ಲ. ಇವರು ಇಟ್ಟ ಹಾಗೇ ಇರಲಿ ಎಂದು.

ಮಾರ್ಚ್ ೬, ಶುಕ್ರವಾರ

ನಾನು ಕೆಲಸದಲ್ಲಿದ್ದಾಗ ಅತ್ತೆ ಹಾಲು ಕಾಯಲು ಇಟ್ಟು ಕೋಣೆಗೆ ಹೋಗಿ ಸ್ವೆಟರ್ ಹೆಣೆಯುತ್ತ ಕೂತಿದ್ದಾರೆ. ಹಾಲು ಉಕ್ಕಿ, ಬತ್ತಿ, ಪಾತ್ರೆ ಕರಕಲಾಗಿ, ಪಕ್ಕದಲ್ಲಿದ್ದ ಬಟ್ಟೆಗೆ ಬೆಂಕಿ ತಗುಲಿದೆ. ಹೊಗೆಯ ಯಂತ್ರ ಕೂಗಿದೆ. ಅದನ್ನು ಕೇಳಿದ್ದು ಪಕ್ಕದ ಮನೆಯ ಟೈಲರ್. ಬಾಗಿಲು ಬಡಿದಿದ್ದಾನೆ. ಬಾಗಿಲು ಬಡಿದರೆ ಅತ್ತೆಗೆ ಏನು ಗೊತ್ತಾಗಬೇಕು? ಹಿತ್ತಲ ಗೋಡೆ ಹಾರಿ, ಅಡುಗೆಮನೆಯ ಕಿಟಕಿಯ ಗಾಜು ಒಡೆದು ಒಳಗೆ ನುಗ್ಗಿ ನೀರು ಸುರಿದಿದ್ದಾನೆ. ಆಮೇಲೆ ಕೋಣೆಗೆ ಹೋಗಿ ಎದುರು ನಿಂತಾಗ ಅತ್ತೆ, "ಏನಪ್ಪಾ, ಅಳತೆ ತಗೊಳ್ಳೋಕೆ ಬಂದೆಯಾ?" ಎಂದು ಕೇಳಿದರಂತೆ.

ಅವನು ನನಗೆ ಹೇಳುವಾಗ ನಗುತ್ತಿದ್ದ. ಕೈಗೆ ಕಟ್ಟಿಕೊಂಡಿದ್ದ ಬಟ್ಟೆಯಲ್ಲಿ ರಕ್ತ ಇತ್ತು.

ಸಂಜೆ ಭಾವ ಫೋನ್ ಮಾಡಿದರು. ಅವರಿಗೆ ಯಾರು ಹೇಳಿದರೋ. ಭಾವ, ಎಂದರೆ ಇವರ ಅಣ್ಣ, ಬಸ್ ಡಿಪೋದಲ್ಲಿ ಬ್ರೇಕ್ ಪರೀಕ್ಷೆ ಮಾಡುವವರು. ಯಾವುದನ್ನೂ ಎರಡು ಸಲ ನೋಡದೆ ಬಿಡುವವರಲ್ಲ.

"ನಿನ್ನ ತಪ್ಪು ಅಂತ ನಾನು ಹೇಳ್ತಿಲ್ಲಮ್ಮ. ನೀನು ದುಡಿಯೋಕೆ ಹೋಗಲೇಬೇಕು. ಅಮ್ಮ ಒಬ್ಬಳೇ ಇರೋಕಾಗಲ್ಲ. ಇಪ್ಪತ್ತೆರಡನೇ ತಾರೀಕು ಭಾನುವಾರ ಬರ್ತೀನಿ, ಕರ್ಕೊಂಡು ಹೋಗ್ತೀನಿ."

"ಪೆಟ್ಟಿಗೆ ಸರಿಯಾದರೆ?" ಎಂದೆ.

"ಯಾರು ಸರಿ ಮಾಡ್ತಾರೆ? ಮಾಡೋನು ಹೋದ."

ಫೋನ್ ಇಟ್ಟ ಮೇಲೆ ಅದಕ್ಕೆ ಉತ್ತರ ಹೊಳೆಯಿತು. ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ದೊಡ್ಡ ಇಸ್ತ್ರಿ ಯಂತ್ರ ನಿಂತಾಗ ಯಾರು ಸರಿ ಮಾಡುವುದು? ಕಂಪನಿಯವರು ಬರುವ ತನಕ ಆಸ್ಪತ್ರೆಯ ಚಾದರಗಳು ಕಾಯುತ್ತವೆಯೇ? ನಾನೇ ತಾನೇ ಪಟ್ಟಿ ಬಿಚ್ಚಿ ಉರುಳೆಯಿಂದ ಸಿಕ್ಕಿಕೊಂಡ ದಾರ ತೆಗೆಯುವುದು. ಇದೂ ಒಂದು ಯಂತ್ರ. ಸರಿ ಮಾಡುತ್ತೇನೆ.

ಮಾರ್ಚ್ ೮, ಭಾನುವಾರ

ಎರಡು ಉಪಾಯ ಮಾಡಿದೆ. ಎರಡೂ ನಡೆಯಲಿಲ್ಲ.

ಮೊದಲು ಪೆಟ್ಟಿಗೆಯನ್ನೇ ಮುಂದಿನ ಕೋಣೆಗೆ ಎತ್ತಿಕೊಂಡು ಹೋಗಿ ರೌಟರಿಗೆ ವೈರ್ ಚುಚ್ಚಿದೆ. ಮೂರೂ ದೀಪ ಟಪಟಪನೆ ಹತ್ತಿದವು. ಇಷ್ಟೇನಾ ಎಂದುಕೊಂಡೆ. ಆದರೆ ಅಲ್ಲಿಂದ ಅದಕ್ಕೆ ಅತ್ತೆಯ ಬಲ್ಬೂ ಕಾಣಿಸಲಿಲ್ಲ, ಅಡುಗೆಮನೆಯ ಹೊಗೆಯ ಯಂತ್ರವೂ ಕಾಣಿಸಲಿಲ್ಲ. ನಮ್ಮದು ಉದ್ದುದ್ದ ಮನೆ, ನಡುವೆ ಎರಡು ದಪ್ಪ ಗೋಡೆ. ಹಿಂದಿನ ಕೋಣೆಯಿಂದ ಬೀದಿ ಬಾಗಿಲ ಗುಂಡಿಗೆ ಮನೆಯೊಳಗಿನ ಓಣಿಯಲ್ಲಿ ನೇರ ದಾರಿ ಇದೆ, ಇಲ್ಲಿಂದ ಆ ಗೋಡೆಗಳನ್ನು ದಾಟಿ ಪೆಟ್ಟಿಗೆಯ ಕೈ ಚಾಚುವುದಿಲ್ಲ. ಅದು ಹಿಂದೆಯೇ ಇರಬೇಕು. ವಾಪಸು ತಂದಿಟ್ಟೆ. ಇಡುವ ಮೊದಲು ಧೂಳು ಒರೆಸಿದೆ, ಎತ್ತಿದ ಮೇಲೆ ಇನ್ನೇನು.

ಆಮೇಲೆ ಉದ್ದದ ವೈರ್ ತಂದು ಓಣಿಯ ನೆಲದ ಮೇಲೆ ಎಳೆದೆ. ಗೋಡೆ ಕೊರೆಯಲು ಮನೆಯ ಒಡೆಯ ಬಿಡುವುದಿಲ್ಲ, ಬಾಗಿಲುಗಳ ಕೆಳಗೇ ಹಾಯಿಸಬೇಕು. ಅಂಟು ಪಟ್ಟಿ ಒತ್ತಿ ಎದ್ದೇಳುವಷ್ಟರಲ್ಲಿ ಅತ್ತೆ ಬಂದರು, ಕಾಲು ಸಿಕ್ಕಿಕೊಂಡಿತು. ಗೋಡೆ ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ.

"ದೊಡ್ಡವನು ಇಪ್ಪತ್ತೆರಡಕ್ಕೆ ಬರ್ತಾನೆ ಅಂದೆ. ಅಲ್ಲೀ ತನಕ ಕಾಯೋಕೆ ಇಷ್ಟ ಇಲ್ವಾ ನಿನಗೆ? ಇವತ್ತೇ ಕಳಿಸ್ತೀಯಾ ಮೇಲಕ್ಕೆ?"

ನಾನು ವೈರ್ ಸುತ್ತಿದೆ.

ಅಲ್ಲಿಗೆ ಹೋಗಲು ಅವರಿಗೆ ಮನಸ್ಸಿದೆಯೋ ಇಲ್ಲವೋ ನಾನು ಕೇಳಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ. ಅವರು ಹೋದರೆ ಈ ಮನೆಯಲ್ಲಿ...

ಚಹಾ ಕುಡಿದು ಬಂದೆ. ಬಟ್ಟೆಗಳನ್ನು ಮಡಿಸುವುದಿದೆ.

ಮಾರ್ಚ್ ೧೦, ಮಂಗಳವಾರ

ಲಾಂಡ್ರಿಯಿಂದ ಬರುವ ದಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಬಾಯಿ ತೆರೆದರೆ ಮುಚ್ಚುವವನಲ್ಲ. ಇವರು ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದರು.

"ವೈರ್ ಇರೋ ಪೆಟ್ಟಿಗೆ, ವೈರ್ ಇಲ್ಲದ ನೆಟ್. ಗಂಡು ಆ ಊರು, ಹೆಣ್ಣು ಈ ಊರು. ಮಧ್ಯೆ ಒಬ್ಬ ಬ್ರೋಕರ್ ಬೇಕು, ಅಷ್ಟೇ ಅಕ್ಕಾ" ಎಂದು ಸಾಬೂನಿನಷ್ಟು ದೊಡ್ಡ ಬಿಳಿಯ ಡಬ್ಬಿ ತೆಗೆದು ತೋರಿಸಿದ. "ಇದನ್ನ ಹಿಂದಿನ ಕೋಣೇಲಿ ಪ್ಲಗ್‌ಗೆ ಚುಚ್ಚಿ. ಗಾಳಿಯಿಂದ ನೆಟ್ ಹಿಡಿಯುತ್ತೆ, ಕೆಳಗಿನ ತೂತಿನಿಂದ ವೈರಿಗೆ ಇಳಿಸುತ್ತೆ. ಪೆಟ್ಟಿಗೆಗೆ ಗೊತ್ತೇ ಆಗಲ್ಲ. ಹಳೇ ರೌಟರ್ ಪಕ್ಕದಲ್ಲೇ ಇದೆ ಅಂದ್ಕೊಂಡು ಸುಖವಾಗಿರುತ್ತೆ."

"ಅದಕ್ಕೆ ನೆಟ್ಟಿನ ಹೆಸರು, ಪಾಸ್‌ವರ್ಡು ಯಾರು ಹೇಳಬೇಕು?"

"ನೀವೇ. ಮೊದಲು ಅದರ ಜತೆ ಫೋನ್ ಸೇರಿಸಿ. ಒಂದು ಪುಟ ತೆರೆಯುತ್ತೆ. ಅದಕ್ಕೆ ಮೂರು ವೇಷ ಇದೆ. ಕ್ಲೈಂಟ್ ಅನ್ನೋದನ್ನ ಆರಿಸಿ. ಬೇರೆದು ಆರಿಸಿದರೆ ಅದೇ ಯಜಮಾನ ಆಗಿ ಕೂತ್ಕೊಳ್ಳುತ್ತೆ, ಮನೆ ತುಂಬ ಜಗಳ. ನಮ್ಮ ಹುಡುಗನ್ನ ಕಳಿಸ್ಲಾ?"

"ಬೇಡ. ನನಗೆ ಅರ್ಥ ಆಯ್ತು" ಎಂದೆ.

ಅರ್ಥ ಆಗಿತ್ತು. ಆಸ್ಪತ್ರೆಯ ಮೈಲಿಗೆ ಬಟ್ಟೆ ಒಂದು ಬಾಗಿಲಿನಿಂದ ಬರುತ್ತದೆ, ನಮ್ಮ ಕಡೆಯವರು ಆ ಬಾಗಿಲು ದಾಟುವಂತಿಲ್ಲ. ನಡುವೆ ಎರಡೂ ಕಡೆ ಬಾಯಿರುವ ದೊಡ್ಡ ಯಂತ್ರ. ಅತ್ತ ಹಾಕುತ್ತಾರೆ, ಇತ್ತ ತೆಗೆಯುತ್ತೇವೆ. ಈ ಡಬ್ಬಿಯೂ ಅದೇ.

ಮಾರ್ಚ್ ೧೨, ಗುರುವಾರ

ಆಯಿತು. ಮತ್ತು ಆಗಬಾರದ್ದೂ ಆಯಿತು.

ಪೆಟ್ಟಿಗೆಯನ್ನು ನಡೆಸುವ ಆ್ಯಪ್ ಇವರ ಫೋನಿನಲ್ಲಿದೆ. ಇವರು ಹೋದ ದಿನದಿಂದ ಅದು ಬೀರುವಿನಲ್ಲಿ ಆರಿಹೋಗಿ ಬಿದ್ದಿತ್ತು. ಚಾರ್ಜಿಗೆ ಹಾಕಿ ತೆರೆದೆ. ಮೊದಲು ಡಬ್ಬಿಯೊಡನೆ ಸೇರಿಸಿದೆ, ಪುಟ ತೆರೆಯಿತು, ಕ್ಲೈಂಟ್ ಆರಿಸಿದೆ. ರೌಟರಿನ ಹಿಂದೆ ಅಂಟಿಸಿದ್ದ ಚೀಟಿಯಿಂದ ಪಾಸ್‌ವರ್ಡ್ ಓದಿ ಹಾಕಿದೆ. ಸೊನ್ನೆಯೋ ಓ ಅಕ್ಷರವೋ ತಿಳಿಯದೆ ಒಮ್ಮೆ ತಪ್ಪಿತು. ಎರಡನೆಯ ಸಲಕ್ಕೆ ಡಬ್ಬಿಯ ದೀಪ ಕಿತ್ತಳೆಯಿಂದ ಬಿಳಿಗೆ ತಿರುಗಿತು. ಗಿಡ್ಡ ವೈರಿನಿಂದ ಡಬ್ಬಿಗೂ ಪೆಟ್ಟಿಗೆಗೂ ಗಂಟು ಹಾಕಿದೆ. ಎರಡನೆಯ ದೀಪ ಬಂತು. ಸ್ವಲ್ಪ ತಡೆದು ಮೂರನೆಯದು. ನಾನು ಚಪ್ಪಾಳೆ ತಟ್ಟಿದೆ ಕೂಡ. ಒಬ್ಬಳೇ ಚಪ್ಪಾಳೆ ತಟ್ಟುವುದನ್ನು ಕಂಡು ಅತ್ತೆ ನಕ್ಕರು.

ಇನ್ನು ಆ್ಯಪ್ ನೋಡೋಣ ಎಂದು ಇವರ ಫೋನನ್ನು ಮನೆಯ ನೆಟ್ಟಿಗೆ ಸೇರಿಸಿದೆ. ಚಾವಣಿ ಬಲ್ಬು ಹಸಿರಾಯಿತು.

ಹಸಿರು ಎಂದರೆ ಇವರು ಮನೆಗೆ ಬಂದರು ಎಂದು. ಇವರ ಫೋನ್ ಮನೆಯ ನೆಟ್ ಹಿಡಿದ ಕೂಡಲೇ ಹಾಗೆ ಹತ್ತುವಂತೆ ಇವರೇ ಇಟ್ಟಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಅತ್ತೆ ಬಲ್ಬಿನ ಕಡೆ ನೋಡಿದರು. ಬಾಗಿಲಿನ ಕಡೆ ನೋಡಲಿಲ್ಲ. ನಾನು ಫೋನ್ ಆರಿಸಿದೆ.

ಮಾರ್ಚ್ ೧೩, ಶುಕ್ರವಾರ

ಬರೆದುಬಿಡುತ್ತೇನೆ. ಬರೆದರೆ ಒಳಗೆ ಸುತ್ತುವುದು ನಿಲ್ಲಬಹುದು.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಕೆಲಸದ ನಡುವೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನನ್ನನ್ನು ಲಾಂಡ್ರಿಯಿಂದ ನೇರ ಆಸ್ಪತ್ರೆಗೆ ಕರೆಸಿದರು. ಅಷ್ಟರಲ್ಲಿ ಜತೆಯಲ್ಲಿ ಕೆಲಸ ಮಾಡುವ ಇಬ್ಬರು ಅವರ ಚೀಲವನ್ನು ಮನೆಗೆ ತಂದಿದ್ದಾರೆ. ಚೀಲದಲ್ಲಿ ಊಟದ ಡಬ್ಬಿ, ಸ್ಪ್ಯಾನರ್, ಫೋನ್. ಆ ಇಬ್ಬರು ಗೇಟಿನ ಬಳಿ ಬಂದು, ಒಳಗೆ ಹೋಗಲು ಧೈರ್ಯ ಬಾರದೆ ನಿಂತಿದ್ದಾರೆ. ಅತ್ತೆಯ ಕೋಣೆಯಲ್ಲಿ ಹಸಿರು ಹತ್ತಿದೆ.

ಅತ್ತೆ ಎದ್ದು ಚಹಾಕ್ಕೆ ನೀರಿಟ್ಟು ಬಾಗಿಲು ತೆರೆದರಂತೆ.

ಇಷ್ಟೇ. ಇಷ್ಟು ದಿನ ನಾವಿಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಇವತ್ತು ಬೆಳಿಗ್ಗೆ ಅತ್ತೆ ಬ್ರೆಡ್ ಮುರಿಯುತ್ತ ತಾವಾಗಿಯೇ ಹೇಳಿದರು.

"ಆ ಹಸಿರನ್ನ ನೀನು ಇಟ್ಕೋ."

"ನನಗೆ ಬೇಡ. ಬೇರೆ ಬಣ್ಣ ಹಾಕ್ತೀನಿ. ಹಳದಿ ಹಾಕ್ಲಾ?"

"ಹಳದಿ ಬೇಡ. ಕಾಮಾಲೆ ಬಂದೋರ ಥರ ಕಾಣ್ತೀನಿ. ಹಸಿರೇ ಹಾಕು. ಒಳ್ಳೇ ಬಣ್ಣ, ಸುಮ್ಮನೆ ಯಾಕೆ ಬಿದ್ದಿರಬೇಕು? ಅವನಾಗಿದ್ದರೆ ಅದನ್ನೇ ಹೇಳ್ತಿದ್ದ. ಒಂದು ಮೊಳೆ ಎಸೆದವನಲ್ಲ."

ಸಂಜೆ ಆ್ಯಪನ್ನು ನನ್ನ ಫೋನಿಗೂ ಹಾಕಿಕೊಂಡೆ. ಹಸಿರಿನ ಸಾಲಿನಲ್ಲಿ ಅವರ ಫೋನಿನ ಹೆಸರು ಅಳಿಸಿ ನನ್ನದು ಬರೆದೆ. ಕೆಲಸ ಸಣ್ಣದು. ಬೇಗ ಮುಗಿಯಿತು.

ಮಾರ್ಚ್ ೧೫, ಭಾನುವಾರ

ಹೊಸ ತಲೆನೋವು. ನೆಟ್ ಇದ್ದಕ್ಕಿದ್ದ ಹಾಗೆ ಬೀಳುತ್ತಿದೆ. ಡಬ್ಬಿಯ ದೀಪ ಕಿತ್ತಳೆಗೆ ತಿರುಗುತ್ತದೆ, ಪೆಟ್ಟಿಗೆಯಲ್ಲಿ ಎರಡು ದೀಪ ಹೋಗುತ್ತವೆ. ಒಂದಷ್ಟು ಹೊತ್ತು ಬಿಟ್ಟು ತಾವಾಗಿಯೇ ಬರುತ್ತವೆ. ಬೆಳಿಗ್ಗೆ ಬಿದ್ದಿತು, ಮಧ್ಯಾಹ್ನ ಬಿದ್ದಿತು, ಈಗ ಸಂಜೆಯೂ ಬಿದ್ದಿದೆ.

ಪಾಸ್‌ವರ್ಡ್ ಮತ್ತೆ ಹಾಕಿದೆ. ಡಬ್ಬಿಯನ್ನು ಮೊದಲಿನಿಂದ ಹೊಸದಾಗಿ ಮಾಡಿದೆ. ಮುಂದಿನ ಕೋಣೆಯ ಬಾಗಿಲು ತೆರೆದಿಟ್ಟು ನೋಡಿದೆ. ಗಿಡ್ಡ ವೈರ್ ಬದಲಿಸಿದೆ. ಆಗಲಿಲ್ಲ. ಆಗದೆ ಎಲ್ಲಿ ಹೋಗುತ್ತದೆ.

ಮಾರ್ಚ್ ೧೭, ಮಂಗಳವಾರ

ಆ್ಯಪಿನಲ್ಲಿ ಯಾವಾಗ ಬಿತ್ತು, ಯಾವಾಗ ಎದ್ದಿತು ಎಲ್ಲ ಬರೆದಿರುತ್ತದೆ. ಓದಿ ನೋಡಿದರೆ ವಿಚಿತ್ರ. ನಾನು ಲಾಂಡ್ರಿಯಲ್ಲಿರುವಾಗ ಒಂದು ಸಲವೂ ಬಿದ್ದಿಲ್ಲ. ನಾನು ಮನೆಯಲ್ಲಿದ್ದಾಗ ಮಾತ್ರ ಬೀಳುತ್ತದೆ.

ರೇಡಿಯೋಗೆ ಫೋನ್ ಮಾಡಿ ಹೇಳಿದೆ. "ನಿಮ್ಮ ಫೋನು ಜಾಸ್ತಿ ಎಳೀತಿರಬೇಕು ಅಕ್ಕಾ" ಎಂದ. ನನ್ನ ಫೋನ್ ಆರಿಸಿಟ್ಟೆ. ಆದರೂ ಬಿತ್ತು.

ಅತ್ತೆಗೆ ಹೇಳಿದೆ.

"ನಿನ್ನ ಮುಖ ಕಂಡರೆ ಅದಕ್ಕಾಗಲ್ಲ. ನೀನು ಅದರ ಮುಂದೆ ಹೋಗಿ ಗಂಟು ಮುಖ ಹಾಕ್ಕೊಂಡು ನಿಂತರೆ ಯಾವ ಪೆಟ್ಟಿಗೆ ಉಳಿಯುತ್ತೆ? ನಾನೇ ಹೆದರ್ತೀನಿ" ಎಂದರು.

ಭಾನುವಾರ ಹತ್ತಿರ ಬರುತ್ತಿದೆ. ಅತ್ತೆ ಭಾವನ ಮಕ್ಕಳ ಸ್ವೆಟರುಗಳನ್ನು ಮುಗಿಸಿ ಮಡಿಸಿಟ್ಟಿದ್ದಾರೆ. ತಾವೇ ಕೊಂಡೊಯ್ಯಲೋ, ಭಾವನ ಕೈಯಲ್ಲಿ ಕಳಿಸಲೋ.

ಮಾರ್ಚ್ ೧೮, ಬುಧವಾರ

ಸಿಕ್ಕಿತು! ಇಷ್ಟು ಜೋರಾಗಿ ನಕ್ಕು ಎಷ್ಟು ಕಾಲವಾಯಿತೋ.

ಈ ಮನೆಯಲ್ಲಿ ಅತ್ತೆಯನ್ನು ಕರೆಯುವ ರೀತಿ ಒಂದಿದೆ. ಪೆಟ್ಟಿಗೆ ಬರುವ ಎಷ್ಟೋ ಮೊದಲಿನದು, ಭಾವ ಮತ್ತು ನನ್ನ ಗಂಡ ಹುಡುಗರಾಗಿದ್ದಾಗಿನದು. ಕೋಣೆಯ ಬಾಗಿಲಲ್ಲಿ ನಿಂತು ಗೋಡೆಯ ಸ್ವಿಚ್ ಒತ್ತುವುದು. ಮಂಚದ ಪಕ್ಕದ ಮೇಜಿನ ದೀಪ ಆರಿ ಹತ್ತುತ್ತದೆ. ಎರಡು ಸಲ ಎಂದರೆ ಊಟಕ್ಕೆ ಬನ್ನಿ. ಮೂರು ಸಲ ಎಂದರೆ ಯಾರೋ ಬಂದಿದ್ದಾರೆ. ಸುಮ್ಮನೆ ಒಂದು ಸಲ ಎಂದರೆ ಇತ್ತ ನೋಡಿ. ಮದುವೆಯಾಗಿ ಬಂದ ವಾರದಲ್ಲೇ ನನಗೂ ಕೈಗೆ ಹತ್ತಿತು. ಈಗ ಆ ಬಾಗಿಲ ಬಳಿ ಹೋದರೆ ಬೆರಳು ತಾನಾಗೇ ಸ್ವಿಚ್ ಮೇಲೆ ಹೋಗುತ್ತದೆ.

ಇವತ್ತು ಊಟಕ್ಕೆ ಕರೆಯಲು ಎರಡು ಸಲ ಒತ್ತಿದೆ. ಒತ್ತುವಾಗ ಅಕಸ್ಮಾತ್ ಕಣ್ಣು ಡಬ್ಬಿಯ ಕಡೆ ಇತ್ತು. ಮೇಜಿನ ದೀಪದ ಜತೆಗೇ ಡಬ್ಬಿಯ ದೀಪವೂ ಆರಿ ಹತ್ತಿತು.

ಮೇಜಿನ ದೀಪ ಚುಚ್ಚಿರುವ ಪ್ಲಗ್ಗಿನಲ್ಲಿ ಎರಡು ಜಾಗ. ಖಾಲಿ ಇದ್ದ ಇನ್ನೊಂದಕ್ಕೆ ನಾನು ಡಬ್ಬಿ ಚುಚ್ಚಿದ್ದೆ. ಎರಡೂ ಗೋಡೆಯ ಅದೇ ಸ್ವಿಚ್ಚಿನ ಕೈಯಲ್ಲಿವೆ. ನಾನು ಅತ್ತೆಯನ್ನು ಕರೆದಾಗಲೆಲ್ಲ ಡಬ್ಬಿಯ ಕತ್ತು ಹಿಸುಕುತ್ತಿದ್ದೆ. ಅದು ಪಾಪ, ಪ್ರತಿಸಲ ಸತ್ತು ಹುಟ್ಟಿ, ಮೊದಲಿನಿಂದ ರೌಟರನ್ನು ಹುಡುಕಿಕೊಂಡು ಹೋಗುತ್ತಿತ್ತು. ಹಗಲು ನಾನು ಇಲ್ಲದಾಗ ಕರೆಯುವವರು ಯಾರೂ ಇಲ್ಲ, ಅದಕ್ಕೇ ನೆಮ್ಮದಿಯಾಗಿತ್ತು.

ಅತ್ತೆಗೆ ಸ್ವಿಚ್ ಒತ್ತಿ ತೋರಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು.

"ನನ್ನ ಊಟಕ್ಕೆ ಕರೆದು ಅದನ್ನ ಉಪವಾಸ ಕೆಡವ್ತಿದ್ದೆ ಅನ್ನು!"

ಇಬ್ಬರೂ ನಕ್ಕೆವು. ಅವರು ನಗುವಾಗ ಬೀದಿಗೆಲ್ಲ ಕೇಳಿಸುತ್ತದೆ. ಟೈಲರ್ ಕಿಟಕಿಯಿಂದ ಇಣುಕಿ, "ಮತ್ತೆ ಹೊಗೆನಾ?" ಎಂದು ಕೇಳಿದ.

ಮಾರ್ಚ್ ೧೯, ಗುರುವಾರ

ಯಾವಾಗಲೂ ಕರೆಂಟ್ ಇರುವ ಪ್ಲಗ್ ಬೀರುವಿನ ಹಿಂದೆ ಇದೆ. ಬೀರು ಸರಿಸಿದೆವು. ನಾನು ಎಳೆದೆ, ಅತ್ತೆ ಬೆನ್ನು ಕೊಟ್ಟು ನೂಕಿದರು, ನೂಕುವಾಗ ಬೀರುವನ್ನು ಬಾಯಿಗೆ ಬಂದ ಹಾಗೆ ಬೈದರು. ಮರದ ಬೆನ್ನಿಗೆ ಡಬ್ಬಿ ಒತ್ತಿಕೊಂಡರೆ ನೆಟ್ ಸೊರಗುತ್ತದೆ. ಒಂದು ಎಕ್ಸ್‌ಟೆನ್ಶನ್ ವೈರ್ ಎಳೆದು ಡಬ್ಬಿಯನ್ನು ಬೀರುವಿನ ತಲೆಯ ಮೇಲೆ ಕೂರಿಸಿದೆ. ಪೆಟ್ಟಿಗೆಯನ್ನೂ ಅಲ್ಲಿಗೇ ತಂದೆ. ನನ್ನ ಗಂಡ ಇಟ್ಟಿದ್ದ ಜಾಗ ಚೆನ್ನಾಗಿರಲಿಲ್ಲ, ನೆಲಕ್ಕೆ ಹತ್ತಿರ, ಧೂಳು.

ಮೂರು ದೀಪ. ಸ್ವಿಚ್ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಮೂರು ದೀಪ.

ಮಾರ್ಚ್ ೨೨, ಭಾನುವಾರ

ಭಾವ ಬಂದು ಹೋದರು. ಉದ್ದ ಬರೆಯಬೇಕು.

ಬಂದವರು ನೇರ ಒಳಗೆ ಬರಲಿಲ್ಲ. ಗುಂಡಿ ಒತ್ತಿ ಹೊರಗೇ ನಿಂತರು. ನಾನು ಬೇಕೆಂದೇ ಅಲ್ಲಾಡಲಿಲ್ಲ. ಅತ್ತೆಯ ಕೋಣೆ ನೀಲಿಯಾಯಿತು, ಅವರೇ ಎದ್ದು ಹೋಗಿ ಬಾಗಿಲು ತೆರೆದರು. ಭಾವನ ಹುಬ್ಬು ಸ್ವಲ್ಪ ಮೇಲಕ್ಕೆ ಹೋಯಿತು. ಬಟ್ಟೆ ಬದಲಿಸುವ ಮೊದಲೇ ಹಳೆಯ ಪೇಪರ್ ಸುರುಳಿ ಸುತ್ತಿ ಅಡುಗೆಮನೆಗೆ ಹೋಗಿ ಹೊತ್ತಿಸಿ ಹೊಗೆಯ ಯಂತ್ರದ ಕೆಳಗೆ ಹಿಡಿದರು. ಕೋಣೆ ಕೆಂಪಾಗಿ ಮಿನುಗಿತು.

"ಯಾವನೋ ಅವನು ನನ್ನ ಮನೆಗೆ ಬೆಂಕಿ ಇಡೋನು!" ಎಂದು ಅತ್ತೆ ಒಳಗಿನಿಂದ ಕೂಗಿದರು.

ಭಾವ ನಗಲಿಲ್ಲ. ಬ್ರೇಕ್ ನೋಡುವಾಗ ನಗಬಾರದು ಎಂದು ಡಿಪೋದಲ್ಲಿ ನಿಯಮವಿದೆಯೋ ಏನೋ. ಪೆಟ್ಟಿಗೆ ನೋಡಲು ಅತ್ತೆಯ ಕೋಣೆಗೆ ಬಂದರು. ಅತ್ತೆ ಆ ಕಡೆ ತಿರುಗಿ ಸ್ವೆಟರ್ ತೆಗೆಯುತ್ತಿದ್ದರು. ಭಾವ ಬಾಗಿಲಲ್ಲಿ ನಿಂತು, ಯೋಚನೆಯೇ ಮಾಡದೆ, ಕೈ ಎತ್ತಿ ಸ್ವಿಚ್ ಒಂದು ಸಲ ಒತ್ತಿದರು. ಹೊರಗಿದ್ದು ಎಷ್ಟು ವರ್ಷವಾದರೂ ಆ ಬೆರಳು ಈ ಮನೆಯದೇ. ನಾನು ಬೀರುವಿನ ಮೇಲೆ ನೋಡಿದೆ. ಡಬ್ಬಿ ಬೆಳ್ಳಗೆ ಉರಿಯುತ್ತಿತ್ತು.

ಊಟದ ನಂತರ ಕೇಳಿದರು. "ಯಾರನ್ನ ಕರೆಸಿದ್ದೆ?"

"ಯಾರನ್ನೂ ಇಲ್ಲ. ನಾನೇ ಮಾಡಿದೆ."

"ಕೆಟ್ಟರೆ?"

"ಕೆಟ್ಟರೆ ಸರಿ ಮಾಡ್ತೀನಿ. ಎಲ್ಲೆಲ್ಲಿ ಕೆಡುತ್ತೆ ಅಂತ ಈಗ ನನಗೆ ಗೊತ್ತು."

ಭಾವ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತರು. "ನಾನು ಹಟ ಮಾಡ್ತೀನಿ ಅಂದ್ಕೋಬೇಡ. ತಮ್ಮನ್ನ ಕಳ್ಕೊಂಡೆ. ಹೊಗೆ ಬಂದರೆ ದೀಪ ಹತ್ತುತ್ತೆ, ಸರಿ. ಅಮ್ಮ ಜಾರಿ ಬಿದ್ದರೆ? ಆಗ ಯಾವ ದೀಪ? ಅವಳಿಗೆ ಫೋನಲ್ಲಿ ಮಾತಾಡೋಕಾಗಲ್ಲ."

ಅದು ಸರಿಯಾದ ಮಾತು. ನನ್ನ ಗಂಡನ ಡ್ರಾಯರಿನಲ್ಲಿ ಬಳಸದ ಒಂದು ಗುಂಡಿ ಇತ್ತು, ಬಾಗಿಲಿನದರ ಜೋಡಿ. ತಂದು ಭಾವನ ಎದುರಿಗೇ ಪೆಟ್ಟಿಗೆಗೆ ಪರಿಚಯ ಮಾಡಿಸಿದೆ. ಅದನ್ನು ಒತ್ತಿದರೆ ಬಲ್ಬು ಬೇಡ, ನನ್ನ ಫೋನ್ ಕೂಗಬೇಕು, ನಾನು ಎಲ್ಲೇ ಇದ್ದರೂ. ಭಾವ ನನ್ನ ಫೋನನ್ನು ಬೀದಿಯ ಕೊನೆಯ ತನಕ ತೆಗೆದುಕೊಂಡು ಹೋದರು. ನಾನು ಒತ್ತಿದೆ. ಅದರ ಕೂಗು ಮನೆಯೊಳಗೆ ನನಗೇ ಕೇಳಿಸಿತು. ಅತ್ತೆಯ ಕೊರಳಿಗೆ ದಾರ ಕಟ್ಟಿ ಗುಂಡಿ ಹಾಕಿದೆ.

ಹೊರಡುವಾಗ ಭಾವ ತಾಯಿಯ ಎದುರು ಮಂಡಿಯೂರಿ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದರು. "ಪೆಟ್ಟಿಗೆ ಪಾಸು. ಇನ್ನು ನಿನ್ನ ಇಷ್ಟ. ನಮ್ಮನೇಲಿ ಮಕ್ಕಳಿದ್ದಾರೆ, ನಿನ್ನ ದೊಡ್ಡ ಸೊಸೆ ಹಗಲೆಲ್ಲ ಇರ್ತಾಳೆ. ಯೋಚನೆ ಮಾಡು. ಮುಂದಿನ ಭಾನುವಾರದೊಳಗೆ ಹೇಳು."

"ಹೇಳ್ತೀನಿ" ಎಂದರು ಅತ್ತೆ. ಅಷ್ಟೇ. ಸ್ವೆಟರುಗಳನ್ನು ಭಾವನ ಕೈಗೇ ಕೊಟ್ಟು ಕಳಿಸಿದರು. ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಅಲ್ಲಿ ಚಳಿ ಇನ್ನೂ ಇದೆಯಂತೆ.

ಮಾರ್ಚ್ ೨೪, ಮಂಗಳವಾರ

ಏನೂ ಹೇಳಿಲ್ಲ.

ಮಾರ್ಚ್ ೨೫, ಬುಧವಾರ

ಇವತ್ತು ಕೇಳಿಯೇಬಿಟ್ಟೆ. ಎದುರು ಕೂತು, "ಅಲ್ಲಿಗೆ ಹೋಗ್ತೀರಾ, ಇಲ್ಲೇ ಇರ್ತೀರಾ?" ಎಂದೆ.

"ನೋಡೋದಿದೆ" ಎಂದರು.

"ಏನು ನೋಡೋದಿದೆ? ಎಲ್ಲ ನೋಡಾಯ್ತಲ್ಲ."

"ಅವನು ನೋಡಿದ. ನಾನು ನೋಡಬೇಡವಾ?" ಎಂದು ಮುಖ ಆ ಕಡೆ ತಿರುಗಿಸಿಕೊಂಡರು. ಅತ್ತೆಗೆ ಇದೊಂದು ಅನುಕೂಲ. ಮುಖ ತಿರುಗಿಸಿದರೆ ನಮ್ಮ ಬಾಯಿ ಬಂದ್.

ನನಗೆ ಬೇಕಾದ್ದನ್ನು ನಾನು ಹೇಳಬೇಕಿತ್ತು. ಇರಿ ಎಂದು. ಸ್ವಿಚ್ ಒತ್ತಿ ಇತ್ತ ನೋಡಿ ಎಂದು ಕರೆದು ಹೇಳಬಹುದಿತ್ತು. ಅವರು ಮನಸ್ಸು ಮಾಡುವಾಗ ನಡುವೆ ಕೈ ಹಾಕುವುದು ಸರಿಯಲ್ಲ ಎನಿಸಿತು.

ಮಾರ್ಚ್ ೨೭, ಶುಕ್ರವಾರ

ಬೆಳಗಿನ ಪಾಳಿ ಅರ್ಧ ಮುಗಿದಿತ್ತು. ನಾನು ದೊಡ್ಡ ಇಸ್ತ್ರಿ ಯಂತ್ರದ ಬಾಯಿಗೆ ಚಾದರ ಕೊಡುತ್ತಿದ್ದೆ. ಏಪ್ರನ್ ಜೇಬಿನಲ್ಲಿ ಫೋನ್ ಕಿರುಚಿತು. ಅತ್ತೆಯ ಗುಂಡಿ.

ಚಾದರ ಅರ್ಧ ಒಳಗೆ ಅರ್ಧ ಹೊರಗೆ. ಎದುರು ಹಿಡಿಯುತ್ತಿದ್ದವಳಿಗೆ "ನೋಡ್ಕೋ" ಎಂದೆ, ಹೊರಟೆ. ಮೇಲ್ವಿಚಾರಕಿ ಏನೋ ಕೂಗಿದಳು, ಅವಳ ಮುಖವನ್ನೂ ನೋಡಲಿಲ್ಲ. ತಲೆಗೆ ಕಟ್ಟಿದ ಬಿಳಿ ಟೋಪಿಯಲ್ಲೇ ಬೀದಿಗಿಳಿದು ಓಡಿದೆ. ನಡೆದು ಹೋಗುವ ದಾರಿ ಅದು, ನಾನು ಎಂದೂ ಓಡಿದವಳಲ್ಲ. ಒಂದು ಸೈಕಲ್ ನನ್ನಿಂದ ತಪ್ಪಿಸಿಕೊಂಡು ಚರಂಡಿ ಕಡೆಗೆ ಹೋಯಿತು. ಸ್ನಾನದ ಮನೆ, ಜಾರುವ ನೆಲ, ಬೀರುವಿನ ಮೂಲೆ, ಎಲ್ಲ ಕಣ್ಣ ಮುಂದೆ ಬಂದವು. ಬೀಗ ತೆಗೆದು ನೇರ ಅತ್ತೆಯ ಕೋಣೆಗೆ ಓಡಿದೆ.

ಅತ್ತೆ ಮಂಚದ ಮೇಲೆ ಬಾಗಿಲಿಗೆ ಮುಖ ಮಾಡಿ ನೆಟ್ಟಗೆ ಕೂತಿದ್ದರು. ಗುಂಡಿ ಕೈಯಲ್ಲಿತ್ತು.

"ಏನಾಯ್ತು? ಎಲ್ಲಿ ಬಿದ್ದಿರಿ? ಎಲ್ಲಿ ನೋವು?"

"ಎಲ್ಲೂ ಬಿದ್ದಿಲ್ಲ."

"ಮತ್ತೆ ಒತ್ತಿದ್ದು?"

"ಒತ್ತಿದರೆ ಜನ ಬರ್ತಾರಾ ಅಂತ ನೋಡಬೇಕಿತ್ತು."

ನಾನು ಬಾಗಿಲ ಚೌಕಟ್ಟು ಹಿಡಿದು ಉಸಿರು ಎಳೆದುಕೊಂಡೆ. ಅವರು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಟೋಪಿ, ಏಪ್ರನ್, ಒಂದು ಕಾಲಿನಲ್ಲಿ ಮಾತ್ರ ಇದ್ದ ಚಪ್ಪಲಿ.

ಆಮೇಲೆ ನಾನು ಬೈದೆ. ಮದುವೆಯಾಗಿ ಬಂದಂದಿನಿಂದ ಅತ್ತೆಗೆ ಎದುರು ಮಾತಾಡಿದವಳಲ್ಲ. ಇವತ್ತು ಅವರ ಮುಖದ ಎದುರೇ ನಿಂತು, ಒಂದೊಂದು ಮಾತೂ ತುಟಿಯಲ್ಲಿ ಕಾಣುವ ಹಾಗೆ, ಬಿಡಿಸಿ ಬಿಡಿಸಿ ಬೈದೆ. ಇದು ಆಟದ ಸಾಮಾನಾ? ನನ್ನ ಎದೆ ನಿಂತಿದ್ದರೆ? ಇನ್ನೊಂದು ಸಲ ಹೀಗೆ ಮಾಡಿದರೆ ನಿಜವಾಗಿ ಒತ್ತಿದ ದಿನ ನಾನು ಚಹಾ ಕುಡಿದು ನಿಧಾನಕ್ಕೆ ಬರ್ತೀನಿ.

"ಬರಲ್ಲ. ಓಡೇ ಬರ್ತೀಯ. ನೋಡಿದೆನಲ್ಲ" ಎಂದರು.

ಆಮೇಲೆ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಫೋನ್ ತೆಗಿ. ದೊಡ್ಡವನಿಗೆ ಬರಿ. ನಾನು ಇಲ್ಲೇ ಇರ್ತೀನಿ ಅಂತ ಬರಿ."

ಬರೆದು ತೋರಿಸಿದೆ. ಕನ್ನಡಕ ಏರಿಸಿ ಓದಿದರು.

"'ದಯವಿಟ್ಟು ಬೇಜಾರು ಮಾಡ್ಕೋಬೇಡಿ' ಅಂತ ಯಾಕೆ? ಅದನ್ನ ತೆಗಿ. ಬೇಜಾರಾದರೆ ಆಗ್ಲಿ, ಮಗ ತಾನೆ."

ತೆಗೆದೆ. ಕಳಿಸಿದೆ. ಇನ್ನೊಂದು ಚಪ್ಪಲಿ ನಮ್ಮ ಗೇಟಿನ ಹೊರಗೇ ಬಿದ್ದಿತ್ತು.

ವಾಪಸು ಹೋದಾಗ ಮೇಲ್ವಿಚಾರಕಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಏನಾಗಿತ್ತು ಅಂಥಾದ್ದು? ಯಾರು ಫೋನ್ ಮಾಡಿದ್ದು?"

"ನಮ್ಮಮ್ಮ ಕರೆದಿದ್ರು" ಎಂದೆ.

ನಾನು ಬಿಟ್ಟು ಹೋದ ಚಾದರ ಯಂತ್ರದಲ್ಲಿ ಸುಕ್ಕಾಗಿ ಒಂದು ಕಡೆ ಕಂದಿತ್ತು. ಅದನ್ನು ಮತ್ತೆ ನೀರಿಗೆ ಹಾಕಿ, ಉಳಿದವನ್ನು ಮುಗಿಸಿದೆ.